ಹುಲ್ಲುಗಾವಲಿನ ಲೆಕ್ಕ

ಈ ಕಥೆಯನ್ನು ಮೊದಲು ಹೇಳಿದವರು ಇಂದ್ರಮ್ಮ ಮೇಡಮ್ಮನವರು. ಇಸವಿ ೧೯೪೭, ಸಂಕ್ರಾಂತಿ ಕಳೆದ ಮಾರನೆಯ ವಾರ, ಮಂಡ್ಯದ ಒಂದು ಶಾಲೆಯ ಜಗಲಿಯಲ್ಲಿ. ಆ ವರ್ಷದ ಮಕ್ಕಳ ಗಣಿತ ಪಂದ್ಯಕ್ಕೆ ಪ್ರಶ್ನೆ ಹೊಂದಿಸಲು ಮೂವರು ಮೇಷ್ಟರು ಸೇರಿದ್ದರು: ಮಳವಳ್ಳಿ ಕಡೆಯಿಂದ ಚಿಕ್ಕಣ್ಣ, ಮದ್ದೂರಿನಿಂದ ಬಾಬು ಜಾನ್, ಮಂಡ್ಯದವರೇ ಆದ ಅಂಕಯ್ಯ. ಚಿಂತಾಮಣಿಯಿಂದ ರೈಲಿನಲ್ಲಿ ಬಂದಿಳಿದ ಇಂದ್ರಮ್ಮ ಪ್ರಶ್ನೆಗಳನ್ನು ತಂದಿರಲಿಲ್ಲ. ದಾರ ಸುತ್ತಿದ ಒಂದು ಕಟ್ಟು ಕಾಗದ ತಂದಿದ್ದರು. ತಾವು ಬರೆದವೂ ತಮಗೆ ಬಂದವೂ ಅದರಲ್ಲಿ ಇದ್ದವು. “ಇದನ್ನಷ್ಟು ಕೇಳಿ. ಕೊನೆಗೆ ನನಗೊಂದು ಮಾತು ಹೇಳಬೇಕು,” ಎಂದು ಓದಲು ಶುರುಮಾಡಿದರು. ಅವರು ಓದಿದ ಹಾಗೇ ಇಲ್ಲಿದೆ.

ಬಂಡೂರು, ೧೨ ಆಗಸ್ಟ್ ೧೯೪೩

ಪೂಜ್ಯ ಮೇಡಮ್ಮನವರಿಗೆ ನಿಮ್ಮ ಶಿಷ್ಯೆ ಹೊಂಬಾಳಮ್ಮ ಮಾಡುವ ನಮಸ್ಕಾರಗಳು.

ನಾವು ಕ್ಷೇಮ. ನೀವು ವರ್ಗವಾಗಿ ಹೋದ ಮೇಲೆ ಚಿಕ್ಕಣ್ಣ ಮೇಷ್ಟರು ಬಂದಿದ್ದಾರೆ. ಹೊಡೆಯುವುದಿಲ್ಲ. ಕಣ್ಣು ಮುಚ್ಚಿಕೊಂಡು ಮಗ್ಗಿ ಹೇಳಿಸುತ್ತಾರೆ, ಮಗ್ಗಿ ಮುಗಿದ ಮೇಲೂ ಕೆಲವು ಸಲ ಕಣ್ಣು ತೆರೆಯುವುದಿಲ್ಲ.

ಮುಖ್ಯ ಸಂಗತಿ ಇದು. ಸಂಕ್ರಾಂತಿ ಕಳೆದು ಮಂಡ್ಯದಲ್ಲಿ ಗಣಿತ ಪಂದ್ಯ ಇದೆಯಂತೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನ ಮಕ್ಕಳೂ ಬರುತ್ತಾರೆ. ಹಲಗೆ ಬಳಪ ಇಲ್ಲ, ಎಲ್ಲ ಬಾಯಿಲೆಕ್ಕ. ಗೆದ್ದವರಿಗೆ ಮೈಸೂರಿನಲ್ಲಿ ಇರಲು ಜಾಗ, ಊಟ, ಹೈಸ್ಕೂಲು ಮುಗಿಯುವವರೆಗೆ ಓದು. ಹೆಣ್ಣುಮಕ್ಕಳೂ ಬರಬಹುದಂತೆ. ಮೇಷ್ಟರು ನನ್ನ ಹೆಸರು ಕೊಟ್ಟುಬಿಟ್ಟಿದ್ದಾರೆ. ಕೊಡುವ ಮುಂಚೆ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೆದರಿ ಬೇಡ ಅನ್ನುತ್ತಿದ್ದೆ, ಕೇಳದೆ ಇದ್ದದ್ದೇ ಒಳ್ಳೆಯದಾಯಿತು. ಮೇಡಮ್ಮ, ನನಗೆ ಮೈಸೂರಿಗೆ ಹೋಗಬೇಕು. ನಿಮ್ಮ ಹಾಗೆ ಕೈಚೀಲ ಹಿಡಿದು ಶಾಲೆಗೆ ಹೋಗಬೇಕು.

ನಗುವ ಸಮಾಚಾರ ಒಂದಿದೆ. ಮೊನ್ನೆ ಬಸರಾಳಿನಿಂದ ಮೂವರು ನಮ್ಮ ಟಗರು ನೋಡಲು ಬಂದಿದ್ದರು. ಪುಟ್ಟಮಾದಯ್ಯ, ಅವರ ತಮ್ಮ ಬೋರಯ್ಯ, ಮಗ ಕೆಂಪಸಿದ್ದಯ್ಯ. ಬೋರಯ್ಯನವರು ನನ್ನನ್ನು, “ಕುರಿ ಎಣ್ಸಕ್ ಬತ್ತದೇನವ್ವ?” ಅಂದರು. “ಎಣ್ಸಾದ್ಯಾಕೆ, ಕಣ್ಣಾಕುದ್ರೆ ಗೊತ್ತಾಯ್ತದೆ, ಮೂವತ್ನಾಕು,” ಅಂದೆ. ಒಳಗಿನಿಂದ ಅಜ್ಜಿ, “ಬಾಯ್ ಮುಚ್ಕಳೇ ಬಜಾರಿ, ಗಂಡುಸ್ರ ಮುಂದೆ,” ಅಂದಿತು. ಕೆಂಪಸಿದ್ದಯ್ಯನಿಗೆ ನಗು ಬಂದು ಕುಡಿಯುತ್ತಿದ್ದ ಮಜ್ಜಿಗೆ ಮೂಗಿಗೆ ಏರಿತು. ಅಷ್ಟು ದೂರದಿಂದ ಬಂದವರು ಒಂದು ಟಗರಿನ ಹಲ್ಲೂ ನೋಡಲಿಲ್ಲ, ಬೆನ್ನೂ ಮುಟ್ಟಲಿಲ್ಲ. ಉಂಡು ಎದ್ದು ಹೋದರು. ಕುರಿ ಕೊಳ್ಳುವ ರೀತಿಯೇ ಇದು?

ನಿಮ್ಮ,
ಹೊಂಬಾಳಮ್ಮ

ಚಿಂತಾಮಣಿ, ೩೦ ಆಗಸ್ಟ್ ೧೯೪೩

ಚಿರಂಜೀವಿ ಹೊಂಬಾಳಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ನಮ್ಮ ಶಾಲೆಯ ಉಪಾಧ್ಯಾಯಿನಿಯರಿಗೆಲ್ಲ ಓದಿ ಹೇಳಿದೆ. ಮಜ್ಜಿಗೆಯ ಸಂಗತಿ ಕೇಳಿ ಎಲ್ಲರೂ ನಕ್ಕರು. ಬಂಡೂರು ಟಗರನ್ನು ಕಣ್ಣೆದುರು ನೋಡಿಯೂ ಕೊಳ್ಳದೆ ಹೋದರು ಎಂದರೆ ನಿನ್ನ ಬಸರಾಳಿನವರು ಪಾಪ, ದಡ್ಡರೇ ಇರಬೇಕು.

ಇನ್ನು ಪಂದ್ಯದ ಮಾತು. ನಿನಗೆ ಲೆಕ್ಕ ಬರುತ್ತದೆ, ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ. ನನಗೆ ಹೆದರಿಕೆ ನಿನ್ನ ಬಾಯಿಯದು. ನಮ್ಮ ಊರುಗಳ ಹೆಣ್ಣುಮಕ್ಕಳು ಉತ್ತರ ಗೊತ್ತಿದ್ದರೂ ಸೆರಗಿಗೆ ಹೇಳುತ್ತಾರೆ, ಎದುರಿಗೆ ಕೂತವರಿಗೆ ಹೇಳುವುದಿಲ್ಲ. ಅಲ್ಲಿ ಹಾಗೆ ನಡೆಯುವುದಿಲ್ಲ. ಮೊದಲು ಕೈ ಎತ್ತು. ಎದ್ದು ನಿಲ್ಲು. ಕೊನೆಯ ಬೆಂಚಿಗೆ ಕೇಳುವ ಹಾಗೆ ಒಂದೇ ಸಲ ಹೇಳಿ ಕೂತುಕೋ.

ಪಂದ್ಯದವರು ಬೇರೆ ಬೇರೆ ಊರಿನ ಉಪಾಧ್ಯಾಯರಿಂದ ಅಂಚೆಯಲ್ಲಿ ಪ್ರಶ್ನೆ ತರಿಸುತ್ತಿದ್ದಾರೆ. ನನ್ನನ್ನೂ ಕೇಳಿದ್ದಾರೆ. ಯಾವುದು ನನ್ನದೆಂದು ಹೇಳುವಂತಿಲ್ಲ. ಕೇಳಿದಾಗ ನಿನಗೇ ಗೊತ್ತಾಗುತ್ತದೆ.

ಇಂದ್ರಮ್ಮ

ಬಂಡೂರು, ೨ ನವೆಂಬರ್ ೧೯೪೩

ಪೂಜ್ಯ ಮೇಡಮ್ಮನವರಿಗೆ ನಮಸ್ಕಾರಗಳು.

ಗೆದ್ದವರನ್ನು ಮೈಸೂರಿಗೆ ತಕ್ಷಣ ಕರೆದುಕೊಳ್ಳುತ್ತಾರೋ, ಬೇಸಿಗೆ ಕಳೆಯಬೇಕೋ? ತಕ್ಷಣವಾದರೆ ಒಳ್ಳೆಯದು.

ಅಪ್ಪನ ಜೊತೆ ಮಾತಾಡಿದ್ದೇನೆ. “ಗೆದ್ದು ಬಾ, ಮೂರು ವರ್ಸ ಓದ್ಕೊ, ನಾನ್ ಅಡ್ಡ ಬರಾಕಿಲ್ಲ. ಸೋತ್ಯೋ, ಆಮ್ಯಾಕೆ ಇಸ್ಕೂಲು ಅಂತ ನನ್ ಮುಂದೆ ಉಸ್ರೆತ್ಬಾರ್ದು,” ಅಂದರು. ಅಮ್ಮ, “ಎಣ್ಣುಡ್ಗಿ ಕುಟ್ಟೆ ಎಂತಾ ಪಂತ?” ಅಂದರು. ಅಪ್ಪ ನಕ್ಕರು. ನಾನು ಗೆಲ್ಲುತ್ತೇನೆ ಎಂದು ಅಪ್ಪನಿಗೆ ಅನಿಸಿಲ್ಲ. ಅದಕ್ಕೇ ಒಪ್ಪಿದ್ದಾರೆ.

ಪಂದ್ಯಕ್ಕೆ ಮುಂದೆ ಓದುವ ಮಕ್ಕಳನ್ನು ಮಾತ್ರ ಕಳಿಸಬೇಕು ಎಂದು ಚಿಕ್ಕಣ್ಣ ಮೇಷ್ಟರು ಹೇಳಿದರು. “ನೀನು ಓದ್ತೀಯ ತಾನೆ?” ಎಂದು ಕೇಳಿದರು. ಓದುತ್ತೇನೆ ಎಂದೆ.

ಬಸರಾಳಿನವರು ಮತ್ತೆ ಬಂದಿದ್ದರು. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಹೊಂಬಾಳಮ್ಮ

ಚಿಂತಾಮಣಿ, ೩ ಫೆಬ್ರವರಿ ೧೯೪೪

ಹೊಂಬಾಳಮ್ಮನಿಗೆ,

ಚಿಕ್ಕಣ್ಣ ಮೇಷ್ಟರು ಬರೆದಿದ್ದಾರೆ. ಬಹಳ ಹೊತ್ತು ನೀನೇ ಮುಂದಿದ್ದೆಯಂತೆ. ಕೊನೆಗೆ ನೀನು ಮತ್ತು ಮದ್ದೂರಿನ ಅಸದುಲ್ಲಾ ಎಂಬ ಹುಡುಗ ಸರಿಸಮ ಉಳಿದಿರಂತೆ. ಒಂದೇ ಪ್ರಶ್ನೆ ಬಾಕಿ. ಆ ಪ್ರಶ್ನೆಯಲ್ಲಿ ಸೋತೆಯಂತೆ.

ಯಾವ ಪ್ರಶ್ನೆ ಎಂದು ಓದಿದಾಗ ನನಗೆ ನಂಬಲಾಗಲಿಲ್ಲ. ಹುಲ್ಲುಗಾವಲಿನ ಪ್ರಶ್ನೆ! ಅದು ನನ್ನದು, ಹೊಂಬಾಳ. ನಿನಗೆಂದೇ ಕೂತು ಬರೆದದ್ದು. ಪರಸ್ಥಳದಲ್ಲಿ ಹೆದರಿಕೊಂಡು ನಿಂತಿರುತ್ತಾಳೆ, ತನ್ನ ಕಾಗದದ ಮೂರು ಜನರನ್ನು ಲೆಕ್ಕದಲ್ಲಿ ಕೇಳಿದರೆ ನಗು ಬಂದು ಹೆದರಿಕೆ ಬಿಡುತ್ತದೆ ಎಂದುಕೊಂಡೆ. ‘ಪುಟ್ಟಮಾದಯ್ಯ ಹನ್ನೆರಡು ಕುರಿಗಳನ್ನು ಐದು ತಿಂಗಳು ಮೇಯಿಸಿದ, ಬೋರಯ್ಯ ಹತ್ತು ಕುರಿಗಳನ್ನು ಏಳು ತಿಂಗಳು, ಕೆಂಪಸಿದ್ದಯ್ಯ ಎಂಟು ಕುರಿಗಳನ್ನು ಒಂಬತ್ತು ತಿಂಗಳು. ಯಾರ ಕುರಿಗಳು ಹೆಚ್ಚು ಹುಲ್ಲು ತಿಂದವು?’ ಇದಕ್ಕಿಂತ ಕಷ್ಟದ ಲೆಕ್ಕವನ್ನು ನೀನು ಹತ್ತನೆಯ ವಯಸ್ಸಿಗೇ ಮಾಡಿದ್ದೀಯೆ.

ಎಲ್ಲರಿಗಿಂತ ಮೊದಲು ಕೈ ಎತ್ತಿದೆಯಂತೆ. ಎದ್ದು ನಿಂತು, ‘ಅವರು’, ‘ಅವರು’ ಎಂದೆಯಂತೆ. ಊಹೆಯ ಮೇಲೆ ಕೈ ಎತ್ತುವುದನ್ನು ನಿನಗೆ ಯಾರು ಕಲಿಸಿದರು? ನಾನಂತೂ ಕಲಿಸಲಿಲ್ಲ. ಸೋತದ್ದಕ್ಕೆ ನನಗೆ ಬೇಸರವಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದ ಹಾಗೆ ತೋರಿಸಿದೆಯಲ್ಲ, ಅದು ನನ್ನ ಮನಸ್ಸಿಗೆ ಬಹಳ ನೋವಾಯಿತು.

ಇಂದ್ರಮ್ಮ

ಚಿಂತಾಮಣಿ, ೧೮ ಜೂನ್ ೧೯೪೪

ಚಿ. ಹೊಂಬಾಳಮ್ಮನಿಗೆ ಆಶೀರ್ವಾದಗಳು.

ನಿನ್ನಿಂದ ಕಾಗದವಿಲ್ಲ. ಕೋಪವೇ? ನಾನು ಸ್ವಲ್ಪ ಖಾರವಾಗಿ ಬರೆದೆ, ನಿಜ. ಶಾಲೆ ತೆರೆದಿರಬೇಕು, ಮುಂದಿನ ತರಗತಿಗೆ ಹೋಗುತ್ತಿದ್ದೀಯಾ? ಈ ವರ್ಷವೂ ಪಂದ್ಯ ನಡೆಸುತ್ತಾರಂತೆ. ಇನ್ನೊಂದು ಸಲ ನಿಲ್ಲಬಹುದು, ವಯಸ್ಸು ಮೀರಿಲ್ಲ. ನಿನ್ನ ತಂದೆಯವರಿಗೆ ಬೇಕಾದರೆ ನಾನೇ ಬರೆಯುತ್ತೇನೆ. ಎರಡು ಸಾಲಾದರೂ ಬರೆ.

ಇಂದ್ರಮ್ಮ

ಬಸರಾಳು, ೯ ಸೆಪ್ಟೆಂಬರ್ ೧೯೪೪

ಪೂಜ್ಯ ಮೇಡಮ್ಮನವರಿಗೆ ನಮಸ್ಕಾರಗಳು.

ಕಾಗದದ ಮೇಲೆ ಊರಿನ ಹೆಸರು ನೋಡಿಯೇ ನಿಮಗೆ ಅರ್ಥವಾಗಿರುತ್ತದೆ. ಯುಗಾದಿ ಕಳೆದು ನನ್ನ ಮದುವೆಯಾಯಿತು. ನಿಮ್ಮ ಎರಡು ಕಾಗದಗಳೂ ಬಂಡೂರಿನಲ್ಲಿ ಸೂರಿನ ಸಂದಿಯಲ್ಲಿದ್ದವು, ನನಗೆ ಯಾರೂ ಕೊಟ್ಟಿರಲಿಲ್ಲ. ಮೊನ್ನೆ ಗೌರಿ ಹಬ್ಬಕ್ಕೆ ಹೋದಾಗ ತಂಗಿ ಬೆಟ್ಟಮ್ಮ ಕೊಟ್ಟಳು.

ನಾನು ಊಹೆ ಮಾಡಲಿಲ್ಲ ಮೇಡಮ್ಮ. ಅದೊಂದನ್ನು ನೀವು ತಿಳಿಯಬೇಕು ಎಂದು ಬರೆಯುತ್ತಿದ್ದೇನೆ.

ಬಸರಾಳಿನವರು ಮೊದಲ ಸಲ ಬಂದದ್ದು ಟಗರಿಗಲ್ಲ. ನನಗೆ ಆಗ ಗೊತ್ತಿರಲಿಲ್ಲ. ಎರಡನೆಯ ಸಲ ಬಂದು ವೀಳ್ಯ ಇಟ್ಟು ಹೋದರು. ಅಂದಿನಿಂದ ಆ ಮನೆಯ ಮಗನ ಹೆಸರನ್ನು ನಾನು ಬಾಯಲ್ಲಿ ತರುವ ಹಾಗಿಲ್ಲ. ಅಜ್ಜಿ ಕಿವಿ ಹಿಂಡಿ ಹೇಳಿತ್ತು, “ಎಸ್ರು ಏಳುದ್ರೆ ಗಂಡನ ಆಯಸ್ಸು ಸವೀತದೆ ಕಣೇ. ತಿಳ್ಕಾ.” ಮದುವೆ ನಿಶ್ಚಯವಾಗಿದೆ ಎಂದರೆ ಪಂದ್ಯಕ್ಕೆ ಕಳಿಸುವುದಿಲ್ಲ, ಅದಕ್ಕೇ ಮೇಷ್ಟರಿಗೂ ಹೇಳಲಿಲ್ಲ, ನಿಮಗೂ ಬರೆಯಲಿಲ್ಲ. ಗೆದ್ದರೆ ಮೂರು ವರ್ಷ ಮದುವೆ ಮುಂದಕ್ಕೆ ಹೋಗುತ್ತಿತ್ತು.

ಪಂದ್ಯದ ದಿವಸ ಕೋಟು ಹಾಕಿದ ಸಾಹೇಬರು ಪ್ರಶ್ನೆ ಓದುತ್ತಿದ್ದರು. ಪುಟ್ಟಮಾದಯ್ಯ ಎಂದಾಗಲೇ ನನಗೆ ನಗು ಬಂತು, ಇದು ಮೇಡಮ್ಮನವರದು ಎಂದು. ಪೂರ್ತಿ ಓದುವ ಮುಂಚೆ ಉತ್ತರ ಬಂದಿತ್ತು. ಅರವತ್ತು, ಎಪ್ಪತ್ತು, ಎಪ್ಪತ್ತೆರಡು. ಕೈ ಎತ್ತಿಬಿಟ್ಟೆ. ಎದ್ದು ನಿಂತು ಬಾಯಿ ತೆರೆದಾಗಲೇ ಯಾರ ಹೆಸರು ಹೇಳಬೇಕು ಎಂದು ತಿಳಿದದ್ದು.

“ಯಾರಮ್ಮ?” ಅಂದರು ಸಾಹೇಬರು.

“ಪುಟ್ಟಮಾದಯ್ಯ ಅಲ್ಲ,” ಅಂದೆ.

“ಯಾರು ಅಲ್ಲ ಅಂತ ಕೇಳಲಿಲ್ಲ. ಯಾರು?”

“ಬೋರಯ್ಯನೂ ಅಲ್ಲ.”

“ಸರಿ, ಮತ್ತೆ?”

“ಅವರು.”

ಹುಡುಗರೆಲ್ಲ ನಕ್ಕರು. “ಅವರು ಅಂದರೆ ಯಾರಮ್ಮ? ನಮ್ಮ ಅಮಲ್ದಾರರೇ?” ಅಂದರು ಸಾಹೇಬರು. ಇನ್ನೂ ನಗು. “ಹಲಗೆ ಕೊಡಿ, ಬರೀತೀನಿ,” ಅಂದೆ. ಬರೆದರೆ ಪಾಪ ಕಡಿಮೆ ಎಂದು ಆಗ ಅನಿಸಿತು. “ಬಾಯಿಲೆಕ್ಕಕ್ಕೆ ಹಲಗೆಯೇ? ಹೆಸರು ಹೇಳಬೇಕು, ಇಲ್ಲದಿದ್ದರೆ ಕೂರಬೇಕು,” ಅಂದರು. ಅಲ್ಲಿದ್ದವರೆಲ್ಲ ಗಂಡಸರು. ಒಬ್ಬ ಹೆಂಗಸು ಇದ್ದಿದ್ದರೆ ನನ್ನ ಮುಖ ನೋಡಿಯೇ ತಿಳಿಯುತ್ತಿದ್ದಳು. ಅಪ್ಪ ಬಾಗಿಲ ಹತ್ತಿರ ಕೂತಿದ್ದರು. ಅವರಿಗೆ ತಿಳಿಯಿತು. ನನ್ನನ್ನೇ ನೋಡುತ್ತಿದ್ದವರು ತಲೆ ಬಗ್ಗಿಸಿಕೊಂಡು ಚಪ್ಪಲಿಯ ಉಂಗುಟ ಸರಿಮಾಡುತ್ತಾ ಕೂತರು.

ಆ ಹೆಸರನ್ನು ಒಂದು ಸಲ ಹೇಳಿದ್ದರೆ ಮೈಸೂರು ಸಿಗುತ್ತಿತ್ತು. ಹೇಳೋಣ ಎಂದು ಬಾಯಿ ತೆರೆದೆ ಮೇಡಮ್ಮ. ಮಜ್ಜಿಗೆ ನೆತ್ತಿಗೇರಿ ಕೆಮ್ಮುತ್ತಿದ್ದ ಆ ಮುಖ ಕಣ್ಣೆದುರು ಬಂತು. ನನ್ನ ಓದಿಗೆ ಅವರ ಆಯಸ್ಸು ಯಾಕೆ ಸವೆಯಬೇಕು ಅನಿಸಿತು. ಕೂತುಬಿಟ್ಟೆ. ಅಸದುಲ್ಲಾ ಎದ್ದು ಹೇಳಿದ.

ಆಮೇಲೆ ಅವನು ನಲ್ಲಿಯ ಹತ್ತಿರ ಬಂದು, “ನಿಂಗೆ ಗೊತ್ತಿತ್ತು, ಅಲ್ವಾ? ಯಾಕೆ ಯೋಳ್ಲಿಲ್ಲ?” ಅಂದ. ನಾನು ನೀರು ಕುಡಿಯುತ್ತಲೇ ಇದ್ದೆ. ಅವನು ಹೊರಟುಹೋದ.

ಹಿಂದಿರುಗುವಾಗ ಗಾಡಿಯಲ್ಲಿ ಅಪ್ಪ, “ಇವತ್ತು ನೀನು ಒಳ್ಳೆ ಮನೆ ಮಗ್ಳು ಅನ್ನುಸ್ಕೊಂಡೆ ಕಣವ್ವ. ಪದಕ ತಂದಿದ್ರೂ ನಂಗೆ ಇಷ್ಟು ಸಂತೋಸ ಆಯ್ತಿರ್ಲಿಲ್ಲ,” ಅಂದರು. ಮದ್ದೂರಿನಲ್ಲಿ ಇಳಿದು ಮಲ್ಲಿಗೆ ಹೂ ತಂದು ತಾವೇ ನನ್ನ ಜಡೆಗೆ ಇಟ್ಟರು. ಅಪ್ಪ ನನಗೆ ಹೂ ಮುಡಿಸಿದ್ದು ಅದೇ ಮೊದಲು.

ಆ ಹೆಸರನ್ನು ನಿಮಗೆ ಬರೆದು ತಿಳಿಸಿದವಳು ನಾನೇ. ಆಗ ಅದು ಯಾರದೋ ಹೆಸರಾಗಿತ್ತು. ನಿಮ್ಮ ತಪ್ಪು ಏನೂ ಇಲ್ಲ.

ಹೊಂಬಾಳಮ್ಮ

ಚಿಂತಾಮಣಿ, ೨೫ ನವೆಂಬರ್ ೧೯೪೪

ಹೊಂಬಾಳ,

ಇಷ್ಟು ತಡವಾಗಿ ಬರೆಯುತ್ತಿದ್ದೇನೆ. ಬರೆದದ್ದನ್ನೆಲ್ಲ ಒಲೆಗೆ ಹಾಕಿದೆ.

ಟಗರಿನ ಹಲ್ಲು ನೋಡದೆ ಹೋದರು ಎಂದು ನೀನು ಬರೆದಾಗ ನಾನು ನಗುತ್ತಾ ಕೂತೆನಲ್ಲ. ನೀನು ಮಗು, ನಿನಗೆ ತಿಳಿಯಲಿಲ್ಲ. ನನಗೆ ತಿಳಿಯಬೇಕಿತ್ತು.

ಪಂದ್ಯದವರಿಗೆ ಬರೆಯುತ್ತೇನೆ. ನಿನಗೆ ಉತ್ತರ ಗೊತ್ತಿತ್ತು ಎಂದು ತಿಳಿಸಿದರೆ ಏನಾದರೂ ದಾರಿ ಮಾಡಿಯಾರು. ಇಲ್ಲವಾದರೆ ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದು. ಬೀಜಗಣಿತದ ಪುಸ್ತಕ ಕಳಿಸುತ್ತಿದ್ದೇನೆ. ನಿನ್ನ ಯಜಮಾನರು ಹೇಗೆ? ಓದಲು ಬಿಡುತ್ತಾರೆಯೇ?

ಇಂದ್ರಮ್ಮ

ಬಸರಾಳು, ೧೪ ಏಪ್ರಿಲ್ ೧೯೪೬

ಪೂಜ್ಯ ಮೇಡಮ್ಮನವರಿಗೆ ನಮಸ್ಕಾರಗಳು.

ವರ್ಷದ ಮೇಲಾಯಿತು, ಬರೆಯಲಾಗಲಿಲ್ಲ. ಅತ್ತೆ ತೀರಿಕೊಂಡರು, ಮನೆಯೆಲ್ಲ ನನ್ನ ತಲೆಯ ಮೇಲೆ ಬಂತು. ಪಂದ್ಯದವರಿಗೆ ಇನ್ನೂ ಬರೆದಿಲ್ಲವಾದರೆ ದಯವಿಟ್ಟು ಏನೂ ಬರೆಯಬೇಡಿ. ಬರೆದರೆ ಆ ಹೆಸರನ್ನೂ ಬರೆಯಬೇಕಾಗುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ.

ಅವರು ಹೇಗೆ ಎಂದು ಕೇಳಿದ್ದಿರಿ. ಒಳ್ಳೆಯವರು ಮೇಡಮ್ಮ. ನಾನು ಬೀಜಗಣಿತ ಮಾಡುವಾಗ ಎದುರಿಗೆ ಕೂತು ನೋಡುತ್ತಾರೆ. “ಇದೇನೇ ಇದು, ಲೆಕ್ಕದೊಳ್ಗೆ ಅಕ್ಸರ ಬಂದು ಕುಂತದೆ, ಜಾಗ ತಪ್ಪಿ ಬಂದದಾ?” ಅನ್ನುತ್ತಾರೆ. ಮಂಡ್ಯಕ್ಕೆ ಹೋಗಿ ಖಾಸಗಿ ಪರೀಕ್ಷೆಯ ವಿಚಾರ ತಾವೇ ಕೇಳಿಕೊಂಡು ಬಂದಿದ್ದಾರೆ. ಬರುವ ವರ್ಷ ಕೂರಬಹುದಂತೆ. ದೀಪಾವಳಿಯ ಹೊತ್ತಿಗೆ ನನಗೆ ಹೆರಿಗೆ. ಅದಾದ ಮೇಲೆ ಮಗುವನ್ನು ಬೆಟ್ಟಮ್ಮ ನೋಡಿಕೊಳ್ಳುತ್ತಾಳೆ.

ಒಂದು ಕಷ್ಟ. ಅವರು ಆಗಾಗ, “ನೀನು ಯಾವ್ ಪ್ರಶ್ನೆಗೆ ಸೋತೆ, ಏಳೇ,” ಎಂದು ಕೇಳುತ್ತಾರೆ. ನಾನು ಹೇಳಿಲ್ಲ. ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಊಟ ಬಿಡುತ್ತಾರೆ. ತಮ್ಮ ಹೆಸರಿನಿಂದ ನನ್ನ ಓದು ಹೋಯಿತು ಎಂದು ಅವರಿಗೆ ಯಾವತ್ತೂ ಗೊತ್ತಾಗಬಾರದು. ನಿಮ್ಮ ಕಾಗದದಲ್ಲಿ ಆ ಪ್ರಶ್ನೆ ಪೂರ್ತಿ ಇದೆ. ಅವರಿಗೆ ಓದಲು ಬರುತ್ತದೆ. ಅದಕ್ಕೆ ನಿಮ್ಮ ಕಾಗದಗಳನ್ನೆಲ್ಲ ಇದರ ಜೊತೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಒಲೆಗೆ ಹಾಕಲು ಮನಸ್ಸು ಬರಲಿಲ್ಲ. ನೀವೂ ಹೇಳಬೇಡಿ. ಆಣೆ.

ಹೊಂಬಾಳಮ್ಮ

ಬಸರಾಳು, ೨೦ ನವೆಂಬರ್ ೧೯೪೬

ತಾಯಿಯವರ ಪಾದಕ್ಕೆ ಕೆಂಪಸಿದ್ದಯ್ಯ ಮಾಡುವ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ, ಮನ್ನಿಸಬೇಕು. ನಿಮ್ಮ ಶಿಷ್ಯೆ ಹೋಗಿಬಿಟ್ಟಳು. ದೀಪಾವಳಿಗೆ ಮುಂಚೆ ಹೆಣ್ಣುಮಗು ಆಯಿತು, ಎರಡು ದಿವಸ ಚೆನ್ನಾಗಿದ್ದಳು. ಆಮೇಲೆ ಬಾಣಂತಿ ಜ್ವರ ಬಂತು. ಗಾಡಿ ಕಟ್ಟಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಆಯಿತು. ಮಗು ಬಂಡೂರಿನಲ್ಲಿ ಅಜ್ಜಿಯ ಹತ್ತಿರ ಇದೆ.

ಗಾಡಿಯಲ್ಲಿ ಜ್ವರದ ಮಂಪರಿನಲ್ಲಿ ಕೈ ಎತ್ತುತ್ತಿದ್ದಳು. ನಾನು ಕೈ ಹಿಡಿದು ಕೆಳಗೆ ಇಟ್ಟರೆ ಮತ್ತೆ ಎತ್ತುತ್ತಿದ್ದಳು. ‘ಏನು ಬೇಕು’ ಎಂದು ಕೇಳಿದೆ. ನನ್ನನ್ನು ನೋಡಿ ಸುಮ್ಮನಾದಳು.

ನಿಮ್ಮನ್ನು ಒಂದು ಮಾತು ಕೇಳಬೇಕು ಎಂದು ಬರೆಯುತ್ತಿದ್ದೇನೆ. ಪಂದ್ಯದಲ್ಲಿ ಅವಳು ಯಾವ ಪ್ರಶ್ನೆಗೆ ಸೋತಳು? ನನಗೆ ಎಷ್ಟು ಕೇಳಿದರೂ ಹೇಳಲಿಲ್ಲ. ಅವಳಿಗೆ ಬಾರದ ಲೆಕ್ಕ ಇದೆ ಎಂದರೆ ನಾನು ನಂಬುವುದಿಲ್ಲ. ಅದೊಂದು ಗೊತ್ತಾದರೆ ಸಾಕು. ಮಗಳು ದೊಡ್ಡವಳಾದ ಮೇಲೆ ಅವಳಿಗೆ ಕಲಿಸುತ್ತೇನೆ.

ಕೆಂಪಸಿದ್ದಯ್ಯ

ಇಂದ್ರಮ್ಮ ಕಾಗದಗಳನ್ನು ಒಟ್ಟುಮಾಡಿ ದಾರ ಸುತ್ತಿದರು. “ಎರಡು ತಿಂಗಳಾಯಿತು. ಪ್ರಶ್ನೆ ಹೇಳಿದರೆ ಹೆಸರು ಹೇಳಬೇಕು, ಅವಳು ಇಟ್ಟ ಆಣೆ ಮುರಿಯುತ್ತದೆ. ಹೇಳದಿದ್ದರೆ ಅವನು ಬದುಕಿರುವವರೆಗೂ ಕೇಳುತ್ತಾ ಇರುತ್ತಾನೆ. ಏನು ಬರೆಯಲಿ, ಹೇಳಿ,” ಎಂದರು. ಚಿಕ್ಕಣ್ಣ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಮರುದಿನ ಬೆಳಗ್ಗೆ ಮೂವರು ಮೇಷ್ಟರೂ ಮೊದಲ ಬಸ್ಸಿಗೆ ಬಸರಾಳಿಗೆ ಹೋದರು. ಕೆಂಪಸಿದ್ದಯ್ಯ ಕಣದಲ್ಲಿ ಒಬ್ಬನೇ ಹುಲ್ಲಿನ ಬಣವೆ ಒಟ್ಟುತ್ತಿದ್ದ. ಚಿಕ್ಕಣ್ಣ ತಾವು ಯಾರೆಂದು ಹೇಳಿದರು. ಅವನು ಏಣಿಯಿಂದ ಇಳಿದು, “ಪ್ರಶ್ನೆ ತಂದ್ರಾ?” ಎಂದ.

“ತಂದಿವ್ನಿ ಕಣಪ್ಪ, ಕೇಳು. ಒಬ್ಬ ಹನ್ನೆರಡು ಕುರಿ ಐದು ತಿಂಗ್ಳು ಮೇಯಿಸ್ದ. ಇನ್ನೊಬ್ಬ ಹತ್ತು ಕುರಿ, ಏಳು ತಿಂಗ್ಳು. ಮತ್ತೊಬ್ಬ ಎಂಟು ಕುರಿ, ಒಂಬತ್ತು ತಿಂಗ್ಳು. ಯಾರ ಕುರಿ ಜಾಸ್ತಿ ಹುಲ್ಲು ತಿಂದ್ವು?”

“ಇದೇನ್ ಮೇಷ್ಟ್ರೇ, ಕುರಿ ಮೇಯ್ಸೋರ್ಗೆ ಎಸ್ರಿಲ್ವಾ?”

ಚಿಕ್ಕಣ್ಣ ಜೊತೆಯವರ ಕಡೆ ತಿರುಗಿದರು. ಬಾಬು ಜಾನ್, “ಪಂದ್ಯದಾಗೆ ಅಂಗೇ ಕೇಳಾದು, ನೀನು ಲೆಕ್ಕ ಮಾಡಪ್ಪ,” ಎಂದರು.

ಅವನು ಕುಕ್ಕುರುಗಾಲಲ್ಲಿ ಕೂತು ಹುಲ್ಲಿನ ಕಡ್ಡಿ ಮುರಿದು ಮುರಿದು ನೆಲದ ಮೇಲೆ ಜೋಡಿಸಿದ. ತಪ್ಪಿ, ಕೆಡಿಸಿ, ಮತ್ತೆ ಜೋಡಿಸಿದ. ಬಿಸಿಲು ಏರಿತು.

“ಕೊನೇವ್ನು,” ಎಂದ. “ಕುರಿ ಕಮ್ಮಿ, ಆದ್ರೂ ಅವಂದೇ ಜಾಸ್ತಿ. ಸರೀನಾ?”

“ಸರಿ,” ಎಂದರು ಚಿಕ್ಕಣ್ಣ.

“ಇಷ್ಟೇಯಾ? ಇದು ಅವ್ಳಿಗೆ ಬರ್ಲಿಲ್ವಾ?”

“ಬಂದಿತ್ತು. ಎಲ್ರಿಗಿಂತ ಮುಂಚೆ ಬಂದಿತ್ತು. ನಾನೇ ಕಣ್ಣಾರೆ ನೋಡ್ದೆ. ಅವ್ಳ ಬಾಯಿಂದ ಕೇಳಾ ಯೋಗ್ತೆ ನಮ್ಗಿರ್ಲಿಲ್ಲ.”

ಅವನು ತಲೆಯಾಡಿಸಿದ. ಎಷ್ಟು ಅರ್ಥವಾಯಿತೋ. ಕಡ್ಡಿಗಳ ಕಡೆ ನೋಡುತ್ತಾ, “ಅವ್ಳಿದ್ದಿದ್ರೆ ನಗೋಳು,” ಎಂದ. “ಇಷ್ಟುಕ್ಕೆ ಇಷ್ಟೊತ್ತಾ ಅಂತ.”

ಮಂಡ್ಯಕ್ಕೆ ಹಿಂದಿರುಗುವ ಬಸ್ಸು ಊರ ಮುಂದೆ ಬಂದು ನಿಂತು, ಮತ್ತೆ ಹೊರಟುಹೋಯಿತು. ಚಿಕ್ಕಣ್ಣ, ಅಂಕಯ್ಯ ಪಂಚೆ ಎತ್ತಿ ಕಟ್ಟಿದರು, ಬಾಬು ಜಾನ್ ಷರಾಯಿ ಮಡಿಸಿಕೊಂಡರು. ಮೂವರೂ ಮಧ್ಯಾಹ್ನದವರೆಗೆ ಅವನಿಗೆ ಹುಲ್ಲಿನ ಕಂತೆ ಎತ್ತಿ ಎತ್ತಿ ಕೊಟ್ಟರು.